ಮಳೆಯಲ್ಲಿ ನಿಲ್ಲುವ ದೀಪ

ಹಳೆಯ ಮನೆಗಳ ಹೆಬ್ಬಾಗಿಲಿನ ಇಕ್ಕೆಲಗಳಲ್ಲಿ ಗೋಡೆಯೊಳಗೆ ಬಿಟ್ಟಿರುವ ದೀಪದ ಗೂಡುಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಸಂಜೆಯಾದೊಡನೆ ಎಣ್ಣೆಯ ಹಣತೆಯೊಂದನ್ನು ಹಚ್ಚಿ ಅದರಲ್ಲಿ ಇಡುತ್ತಿದ್ದರು. ಗೂಡಿನ ಗೋಡೆಗಳು ಗಾಳಿಯನ್ನು ತಡೆದು ದೀಪದ ಕುಡಿಯನ್ನು ಕಾಪಾಡುತ್ತಿದ್ದುವು. ಹಿತ್ತಿಲಿಗೋ ಕೊಟ್ಟಿಗೆಗೋ ಹೋಗಬೇಕಾದಾಗ ಕೈಯಲ್ಲಿ ಕಂದೀಲು. ಅದರ ಗಾಜಿನ ಬುರುಡೆ ಮಾಡುತ್ತಿದ್ದುದೂ ಇದೇ ಕೆಲಸವನ್ನು. ಮನೆಯ ಹೊರಗಿನ ದೀಪಕ್ಕೆ ಆ ಕಾಲದಲ್ಲಿದ್ದ ಮುಖ್ಯ ಶತ್ರುವೆಂದರೆ ಗಾಳಿ. ಗಾಳಿ ಗೆದ್ದರೆ ದೀಪ ಆರಿ ಕತ್ತಲಾಗುತ್ತಿದ್ದಿತು, ಅಷ್ಟೆ.

1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸತೊಡಗಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಗಾಳಿಗೆ ಅಂಜದ ದೀಪವೊಂದು ಹೀಗೆ ನಮ್ಮ ನಾಡಿಗೆ ಬಂದಿತು. ಆದರೆ ಈ ದೀಪಕ್ಕೆ ಬೇರೊಬ್ಬ ಶತ್ರುವುಂಟು, ಅದು ನೀರು. ನೀರು ಗೆದ್ದಾಗ ದೀಪ ಆರುವುದೇ ಇಲ್ಲ. ಅದು ಎಂದಿನಂತೆ ಉರಿಯುತ್ತಲೇ ಇರುತ್ತದೆ. ಕೇಡು ಬೇರೆಲ್ಲೋ ಹೊಂಚುಹಾಕಿ ಕುಳಿತಿರುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ.

ಶಿವಮೊಗ್ಗದಲ್ಲಿರುವ ನಮ್ಮ ಮನೆಯ ಮುಂದೆ ಕಬ್ಬಿಣದ ಗೇಟು, ಅದರ ಮೇಲೆ ಮಲ್ಲಿಗೆಯ ಬಳ್ಳಿ ಹಬ್ಬಿದ ಕಬ್ಬಿಣದ ಕಮಾನು. ಒಂದು ದೀಪಾವಳಿಯಲ್ಲಿ ಆ ಕಮಾನಿಗೆ ಒಂದು ಬಲ್ಬನ್ನು ಕಟ್ಟಿದೆವು. ಹಬ್ಬ ಮುಗಿಯಿತು. ಗೇಟಿನ ಬಳಿ ಬೆಳಕಿರುವುದು ಅನುಕೂಲವಾಗಿ ಕಂಡುದರಿಂದ ಬಲ್ಬನ್ನು ಬಿಚ್ಚಲಿಲ್ಲ. ಮನೆಯೊಳಗೆ ಬಳಸುವ ಎರಡೆಳೆಯ ತಂತಿ, ನಡುವೆ ಒಂದು ಗಂಟು, ಗಂಟಿನ ಮೇಲೆ ಎರಡು ಸುತ್ತು ಕಪ್ಪು ಟೇಪು: ಇದು ನಮ್ಮ ಏರ್ಪಾಡು. ತಾತ್ಕಾಲಿಕವೆಂದು ಮಾಡಿದುದು ಹೀಗೆ ಶಾಶ್ವತವಾಯಿತು. ನಮ್ಮ ನಾಡಿನ ಅಂಗಳದ ದೀಪಗಳಲ್ಲಿ ಬಹುಪಾಲು ಹುಟ್ಟಿರುವುದು ಈ ರೀತಿಯಲ್ಲಿಯೇ ಎಂದು ನಮ್ಮ ಸಂದೇಹ.

ಮುಂದಿನ ಆಷಾಢದಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ಪ್ರತಿದಿನ ಪತ್ರಿಕೆ ಹಾಕುವ ಹುಡುಗ ಹತ್ತನೆಯ ತರಗತಿಯ ವಿದ್ಯಾರ್ಥಿ. ಬೇರೆ ದಿನಗಳಲ್ಲಿ ಸೈಕಲ್ಲಿನಿಂದ ಇಳಿಯದೆಯೇ ಪತ್ರಿಕೆಯನ್ನು ಒಳಕ್ಕೆ ಎಸೆಯುತ್ತಿದ್ದನು. ಅಂದು ಮಳೆಯಲ್ಲಿ ನೆನೆಯಬಾರದೆಂದು ಅದನ್ನು ಜಗಲಿಯ ಮೇಲೆ ಇಡುವುದಕ್ಕಾಗಿ ಗೇಟನ್ನು ತಳ್ಳಿದನು. ಕೂಗು ಕೇಳಿ ನಾವು ಹೊರಗೆ ಬಂದಾಗ ಅವನು ರಸ್ತೆಯ ಕೆಸರಿನಲ್ಲಿ ಕುಳಿತಿದ್ದನು. ಸುತ್ತಲೂ ಪತ್ರಿಕೆಗಳು ಚೆಲ್ಲಿದ್ದುವು. "ನಿಮ್ಮ ಗೇಟು ಹೊಡೀತು ಸಾರ್" ಎಂದನು. ಕಮಾನಿನ ಮೇಲೆ ದೀಪ ಮಾತ್ರ ಏನೂ ಆಗದಂತೆ ಉರಿಯುತ್ತಿದ್ದಿತು.

ಆ ಹುಡುಗ ಉಳಿದುದು ಹೇಗೆ? ಅವನ ಎರಡು ಕೈಗಳಲ್ಲಿಯೂ ಪತ್ರಿಕೆಗಳಿದ್ದುದರಿಂದ ಗೇಟಿನ ಸರಳನ್ನು ಹಿಡಿಯದೆ ಮೊಣಕೈಯಿಂದ ತಳ್ಳಿದ್ದನು. ಕಾಲಿನಲ್ಲಿ ರಬ್ಬರಿನ ಚಪ್ಪಲಿಯಿದ್ದಿತು. ಈ ಎರಡು ಸಣ್ಣ ಸಂಗತಿಗಳ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್‌ಗಳಷ್ಟಿರಬಹುದು. ಚರ್ಮ ನೆನೆದರೆ ಅದು ಇಳಿದು, ಕೈಯಿಂದ ಕಾಲಿನವರೆಗೆ ಇಡೀ ದೇಹದ ರೋಧ ಸುಮಾರು 1000 ಓಮ್‌ಗೆ ಬರುತ್ತದೆ. ಓಮನ ನಿಯಮದಂತೆ 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್ ಪ್ರವಾಹ ದೊರೆಯುತ್ತದೆ. ಇದರ ಅರ್ಧದಷ್ಟು ಪ್ರವಾಹ ಒಂದೆರಡು ಸೆಕೆಂಡುಗಳ ಕಾಲ ಎದೆಯ ಮೂಲಕ ಹಾದರೂ ಹೃದಯ ತನ್ನ ತಾಳವನ್ನು ತಪ್ಪಿ ಬರಿದೆ ಅದುರತೊಡಗಬಹುದು. ರಕ್ತದ ಚಲನೆ ನಿಲ್ಲಬಹುದು.

ಇನ್ನು ಕೈಯ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜೀಲ್ ಎಂಬ ಪ್ರಾಧ್ಯಾಪಕರು ಸ್ವಇಚ್ಛೆಯಿಂದ ಮುಂದೆ ಬಂದವರ ಕೈಗೆ ಪ್ರವಾಹವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋಗಿ, ಯಾವ ಮಟ್ಟದಲ್ಲಿ ಅವರು ಹಿಡಿದ ತಂತಿಯನ್ನು ಬಿಡಲಾರದೆ ಹೋಗುವರೆಂದು ಅಳೆದರು. ಗಂಡಸರಲ್ಲಿ ಇದರ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಬೆರಳುಗಳನ್ನು ಮಡಿಸುವ ಸ್ನಾಯುಗಳು ಅವನ್ನು ಬಿಡಿಸುವ ಸ್ನಾಯುಗಳಿಗಿಂತ ಬಲವಾದುವು. ಪ್ರವಾಹ ಎರಡನ್ನೂ ಒಟ್ಟಿಗೆ ಕೆರಳಿಸಿದಾಗ ಮಡಿಸುವ ಸ್ನಾಯುಗಳೇ ಗೆಲ್ಲುತ್ತವೆ, ಮುಷ್ಟಿ ಬಿಗಿಯುತ್ತದೆ. ಕರೆಂಟು ಮನುಷ್ಯನನ್ನು ಹಿಡಿದುಕೊಂಡಿತೆಂದು ಜನರು ಹೇಳುವುದುಂಟು. ನಿಜವಾಗಿ ಹಿಡಿದುಕೊಳ್ಳುವುದು ಅವನ ಕೈಯೇ. ನಮ್ಮ ಹುಡುಗನ ಮೊಣಕೈಗೆ ಹಿಡಿಯುವ ಶಕ್ತಿಯಿರಲಿಲ್ಲ. ತೋಳು ಸೆಟೆದಾಗ ಅವನು ಹಿಂದಕ್ಕೆ ಎಸೆಯಲ್ಪಟ್ಟನು. ಚಪ್ಪಲಿಯ ರಬ್ಬರು ಪ್ರವಾಹದ ದಾರಿಯಲ್ಲಿ ಮತ್ತಷ್ಟು ರೋಧವನ್ನು ಒಡ್ಡಿದ್ದಿತು.

ಮನೆಯಲ್ಲಿ ಫ್ಯೂಸಾಗಲಿ, ಈಗಿನ ಎಂ.ಸಿ.ಬಿ. ಎಂಬ ಸ್ವಯಂಚಾಲಿತ ಸ್ವಿಚ್ಚಾಗಲಿ ಇರಲಿಲ್ಲವೆ ಎಂದು ವಾಚಕರು ಕೇಳಬಹುದು. ಇದ್ದಿತು, 6 ಆಂಪಿಯರಿನದು. ಅದು ಹಾರಬೇಕಾದರೆ 6 ಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯಬೇಕು. ಮನುಷ್ಯನನ್ನು ಕೊಲ್ಲಲು 0.23 ಆಂಪಿಯರ್ ಧಾರಾಳವಾಗಿ ಸಾಕು. ಫ್ಯೂಸು ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಮೆಯೇ. ಏಕೆಂದರೆ ವಿದ್ಯಾವಂತರಲ್ಲಿಯೂ ಅನೇಕರು ಇದಕ್ಕೆ ವಿರುದ್ಧವಾದುದನ್ನೇ ನಂಬಿದ್ದಾರೆ. ನಾವೂ ನಂಬಿದ್ದೆವು.

ಆ ದಿನವೇ ಬಲ್ಬನ್ನು ಬಿಚ್ಚಿಸಿ, ಮಳೆಗಾಲ ಮುಗಿಯುವವರೆಗೆ ಕತ್ತಲಲ್ಲಿ ಕಳೆದು, ಹೊರಗಿನ ದೀಪಗಳನ್ನು ಮೊದಲಿನಿಂದ ಯೋಚಿಸಿ ಹಾಕಿಸಲು ನಿಶ್ಚಯಿಸಿದೆವು. ಕೆಲಸವನ್ನು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಿದೆವು. 230 ವೋಲ್ಟಿನ ತಂತಿಗಳಿಗೆ ಕೈಹಾಕುವುದು ಅವರ ಕೆಲಸ, ವಿದ್ಯಾರ್ಥಿಗಳದಲ್ಲ. ಆದರೆ ಎಲ್ಲಿ, ಎಷ್ಟು, ಏಕೆ ಎಂಬ ಯೋಚನೆ ಮನೆಯವರದೇ ಆಗಬೇಕು. ಮಾಡಿದ ಕೆಲಸ ಸರಿಯೋ ಎಂದು ನೋಡುವ ಕಣ್ಣೂ ಅವರಿಗಿರಬೇಕು.

ಮೊದಲು ಕೈಗೆ ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ರಾತ್ರಿಯ ಹೊತ್ತು ಮನೆಯನ್ನು ಒಂದು ಸುತ್ತು ಬಂದೆವು. ಕಾಲು ಎಲ್ಲಿ ತಡವರಿಸಿತೋ ಅಲ್ಲಿ ಒಂದು ಗುರುತು: ಗೇಟಿನ ಬಳಿ, ಜಗಲಿಯ ಮೂರು ಮೆಟ್ಟಿಲುಗಳಲ್ಲಿ, ಬಾವಿಕಟ್ಟೆಯ ಹತ್ತಿರ, ಹಿತ್ತಿಲಿನ ಬಚ್ಚಲುಮನೆಗೆ ಹೋಗುವ ಹಾದಿಯಲ್ಲಿ. ಮಲೆನಾಡಿನ ಸೆರಗಿನಲ್ಲಿರುವ ಊರಿನಲ್ಲಿ ಈ ಹಾದಿಯೇ ಎಲ್ಲಕ್ಕಿಂತ ಮುಖ್ಯವಾದುದು. ಮಳೆಗಾಲದಲ್ಲಿ ಹಾವುಗಳು ಸಂಚರಿಸುವುದೂ ಅದೇ ಹಾದಿಯಲ್ಲಿ. ಬೆಳಕು ಬೇಕಾಗಿರುವುದು ನೆಲದ ಮೇಲೆ. ಇದು ತೀರ ಸಾಮಾನ್ಯ ಸಂಗತಿಯೆಂದು ತೋರಬಹುದು. ಆದರೆ ನಮ್ಮ ಬೀದಿಯ ಮನೆಗಳ ಹೊರದೀಪಗಳಲ್ಲಿ ಹೆಚ್ಚಿನವು ಬೆಳಗುತ್ತಿದ್ದುದು ಎದುರುಮನೆಯ ಕಿಟಕಿಯನ್ನು, ಆಕಾಶವನ್ನು, ಬರುವವರ ಕಣ್ಣುಗಳನ್ನು.

ಕತ್ತಲಿಗೆ ನಮ್ಮ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷಗಳು ಬೇಕು. ಪ್ರಖರವಾದ ದೀಪವೊಂದು ಕಣ್ಣಿಗೆ ನೇರವಾಗಿ ಹೊಡೆದರೆ ಈ ಹೊಂದಿಕೆ ಕೆಲವು ಕ್ಷಣಗಳಲ್ಲಿ ಹಾಳಾಗುತ್ತದೆ. ದೀಪದ ಆಚೆಯ ಕತ್ತಲು ಇನ್ನೂ ಗಾಢವಾಗಿ ಕಾಣುತ್ತದೆ. ಕಳ್ಳರ ಭಯದಿಂದ ಹಾಕಿಸಿದ ಉಗ್ರವಾದ ದೀಪವು ಅದರ ನೆರಳಿನಲ್ಲಿ ನಿಂತ ಕಳ್ಳನಿಗೆ ನೆರವಾದೀತು. ಆದುದರಿಂದ ದೀಪಕ್ಕೆ ಮೇಲುಗಡೆ ಮುಚ್ಚಳವಿದ್ದು, ಬೆಳಕು ಕೆಳಕ್ಕೆ ಮಾತ್ರ ಬೀಳಬೇಕು. ಎತ್ತರವನ್ನೂ ಯೋಚಿಸಬೇಕು. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆಂಬುದು ಶಾಲೆಯ ಪಾಠ: ಎರಡೂವರೆ ಮೀಟರ್ ಎತ್ತರದ ದೀಪವನ್ನು ಐದು ಮೀಟರಿಗೆ ಏರಿಸಿದರೆ ಅದರ ಕೆಳಗಿನ ನೆಲಕ್ಕೆ ದೊರೆಯುವುದು ಕಾಲುಭಾಗ ಬೆಳಕು. ಮಹಡಿಯ ಮೇಲೆ ಒಂದು ದೊಡ್ಡ ದೀಪಕ್ಕಿಂತ ಕೆಳಗೆ ನಾಲ್ಕು ಚಿಕ್ಕ ದೀಪಗಳು ಮೇಲು. ಹಿಂದೆ 60 ವ್ಯಾಟಿನ ತಂತು ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ಮೆಟ್ಟಿಲಿಗೆ ಅದರ ಅರ್ಧವೂ ಬೇಕಾಗದು.

ಬೆಳಕಿನ ಬಣ್ಣದ ವಿಷಯದಲ್ಲಿ ನಮ್ಮ ಮನೆಯವರಿಗೂ ನಮಗೂ ಸ್ವಲ್ಪ ವಾದವಾಯಿತು. ನಮಗೆ ಹಾಲಿನಂಥ ಬಿಳುಪು ಬೇಕಾಗಿದ್ದಿತು. ಅವರು ಹಣತೆಯಂಥ ಹಳದಿಯೇ ಆಗಬೇಕೆಂದರು. ಅವರ ಪಕ್ಷಕ್ಕೆ ಹುಳುಗಳು ಸಾಕ್ಷಿ ನುಡಿದುವು. ಕೀಟಗಳ ಕಣ್ಣಿಗೆ ನೀಲ ಮತ್ತು ಅತಿನೇರಿಳೆ ಕಿರಣಗಳು ಹೆಚ್ಚು ಪ್ರಬಲ, ಬಿಳಿ ಎಲ್.ಇ.ಡಿ. ದೀಪದಲ್ಲಿ ನೀಲದ ಅಂಶ ಹೆಚ್ಚು, ಹಳದಿಯಲ್ಲಿ ಕಡಮೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ಯಾರ ಮನೆಯ ದೀಪಕ್ಕೆ ಹೆಚ್ಚು ಮುತ್ತುತ್ತವೆಂದು ವಿದ್ಯಾರ್ಥಿಗಳು ತಾವೇ ಎಣಿಸಿ ನೋಡಬಹುದು. ಕೀಟಗಳು ದೀಪವನ್ನು ಏಕೆ ಸುತ್ತುತ್ತವೆಂಬುದಕ್ಕೆ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೊಗಸಾದ ಉತ್ತರವನ್ನು ಕೊಟ್ಟಿತು. ಹಾರುವ ಕೀಟವು ಬೆಳಕಿರುವ ಕಡೆಯೇ ಮೇಲೆಂದು ಭಾವಿಸಿ, ತನ್ನ ಬೆನ್ನನ್ನು ಅತ್ತ ತಿರುಗಿಸಿಕೊಳ್ಳುತ್ತದೆ. ಆಕಾಶವೇ ಬೆಳಕಾಗಿರುವಾಗ ಇದು ಸರಿ. ಪಕ್ಕದಲ್ಲಿ ದೀಪವಿದ್ದರೆ ಪಾಪದ ಹುಳು ಓರೆಯಾಗಿ ಅದರ ಸುತ್ತಲೇ ತಿರುಗುತ್ತ ಸಿಕ್ಕಿಬೀಳುತ್ತದೆ. ಹಳದಿ ದೀಪವೇ ನಿಶ್ಚಯವಾಯಿತು.

ಇನ್ನು ನೀರು. ಹೊರಗೆ ಹಾಕುವ ದೀಪದ ಮೇಲೆ ಐ.ಪಿ. ಎಂಬ ಎರಡು ಅಕ್ಷರಗಳೂ ಅವುಗಳ ಮುಂದೆ ಎರಡು ಅಂಕಿಗಳೂ ಇರುತ್ತವೆ. ಮೊದಲನೆಯದು ಧೂಳನ್ನೂ ಎರಡನೆಯದು ನೀರನ್ನೂ ತಡೆಯುವ ಸಾಮರ್ಥ್ಯವನ್ನು ತಿಳಿಸುತ್ತದೆ. ನೀರಿನ ಅಂಕಿ 4 ಆದರೆ ಎಲ್ಲ ಕಡೆಗಳಿಂದಲೂ ಸಿಡಿಯುವ ಹನಿಗಳನ್ನು ತಡೆಯುತ್ತದೆ. 5 ಆದರೆ ಕೊಳವೆಯಿಂದ ಚಿಮ್ಮುವ ನೀರನ್ನು ತಡೆಯುತ್ತದೆ. 7 ಆದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಸೂರಿನ ಕೆಳಗಿನ ದೀಪಕ್ಕೆ 44 ಸಾಕು. ಗಾಳಿಮಳೆಗೆ ಮೈಯೊಡ್ಡಿ ನಿಲ್ಲುವ ಗೇಟಿನ ದೀಪಕ್ಕೆ 65 ಇರಲಿ.

ಆದರೆ ಅಂಕಿಯನ್ನು ನೋಡಿ ಸುಮ್ಮನಾಗುವಂತಿಲ್ಲ. ಬಿಗಿಯಾಗಿ ಮುಚ್ಚಿದ ದೀಪದೊಳಗೂ ನೀರು ಸೇರುವುದುಂಟು. ಅದನ್ನು ಒಳಕ್ಕೆ ಎಳೆದುಕೊಳ್ಳುವುದು ದೀಪವೇ. ಉರಿಯುವ ದೀಪದೊಳಗಿನ ಗಾಳಿ 27 ಡಿಗ್ರಿಯಿಂದ 57 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿತೆನ್ನೋಣ. ಕೆಲ್ವಿನ್ ಮಾನದಲ್ಲಿ ಇದು 300ರಿಂದ 330. ಗಾಳಿ ಹತ್ತರಲ್ಲಿ ಒಂದು ಪಾಲು ಹಿಗ್ಗಬೇಕು. ಹಿಗ್ಗಿದ ಗಾಳಿ ರಬ್ಬರಿನ ಬೆಸುಗೆಯ ಸಣ್ಣ ಸಂದಿನಿಂದ ಹೊರಕ್ಕೆ ನುಸುಳುತ್ತದೆ. ಆಮೇಲೆ ಮಳೆ ಬೀಳುತ್ತದೆ, ದೀಪ ಥಟ್ಟನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಆ ಕ್ಷಣದಲ್ಲಿ ಸಂದಿನ ಬಾಯಲ್ಲಿ ನೀರಿನ ಹನಿಯಿದ್ದರೆ ಅದೇ ಒಳಕ್ಕೆ ಸೆಳೆಯಲ್ಪಡುತ್ತದೆ. ಹೀಗೆ ದೀಪವು ದಿನಕ್ಕೊಮ್ಮೆ ಉಸಿರಾಡುತ್ತದೆ. ಒಳ್ಳೆಯ ದೀಪಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುಪೊರೆಯೊಂದಿರುತ್ತದೆ. ಕೆಲವು ಬಗೆಯವುಗಳ ತಳದಲ್ಲಿ ನೀರು ಇಳಿದುಹೋಗಲು ತಯಾರಕರೇ ಬಿಟ್ಟ ರಂಧ್ರವಿರುತ್ತದೆ. ಆ ರಂಧ್ರವನ್ನು ತಪ್ಪೆಂದು ತಿಳಿದು ಸಿಮೆಂಟು ಮೆತ್ತುವ ಗಾರೆಯವರನ್ನು ನಾವು ಕಂಡಿದ್ದೇವೆ.

ತಂತಿ ದೀಪದೊಳಕ್ಕೆ ಕೆಳಗಡೆಯಿಂದ ಹೋಗಬೇಕೇ ಹೊರತು ಮೇಲುಗಡೆಯಿಂದಲ್ಲ. ಅಷ್ಟೇ ಅಲ್ಲದೆ, ಅದು ಸ್ವಲ್ಪ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲಕ್ಕೇರಿ ಒಳಸೇರಬೇಕು. ತಂತಿಯ ಮೈಮೇಲೆ ಹರಿದುಬಂದ ಮಳೆಯ ನೀರು ಆ ಜೋಲಿನ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಕಾಸಿನ ಖರ್ಚಿಲ್ಲದ ಉಪಾಯವಿದು. ಆದರೂ ಹತ್ತು ಮನೆಗಳಲ್ಲಿ ಒಂದರಲ್ಲಿ ಕಂಡರೆ ಹೆಚ್ಚು. ಬಯಲಿನಲ್ಲಿ ಗಂಟು, ಟೇಪು ಕೂಡದು. ಜೋಡಣೆಗಳೆಲ್ಲ ನೀರು ಹೋಗದ ಪೆಟ್ಟಿಗೆಯೊಳಗೆ ಆಗತಕ್ಕದ್ದು. ಗೇಟಿನವರೆಗೆ ನೆಲದೊಳಗೆ ಹೋಗುವ ತಂತಿಗೆ ಉಕ್ಕಿನ ಕವಚವುಳ್ಳ ಕೇಬಲ್ಲನ್ನು ತಂದು, ಮುಕ್ಕಾಲು ಮೀಟರ್ ಆಳದ ಕಾಲುವೆಯಲ್ಲಿ ಮರಳಿನ ನಡುವೆ ಮಲಗಿಸಿ, ಮೇಲೆ ಇಟ್ಟಿಗೆಯ ಸಾಲನ್ನು ಹೊದಿಸಿದೆವು. ಮುಂದೊಂದು ದಿನ ಅಲ್ಲಿ ಗಿಡ ನೆಡಲು ಅಗೆಯುವವನ ಹಾರೆಗೆ ಮೊದಲು ಇಟ್ಟಿಗೆ ಸಿಗಬೇಕು.

ದೀಪವನ್ನು ಗೋಡೆಗೆ ಬಿಗಿಯುವ ಕೆಲಸದ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಇಟ್ಟಿಗೆಯ ಮೈಗೆ ತೂತು ಕೊರೆಯಬೇಕು, ನಡುವಣ ಗಾರೆಗಲ್ಲ. ಕರಾವಳಿಯ ಮುರಕಲ್ಲಿನ ಗೋಡೆ ಮೆತು. ಅಲ್ಲಿ ಉದ್ದವಾದ ಸ್ಕ್ರೂ ಬೇಕು. ಉಪ್ಪುಗಾಳಿ ಸಾಮಾನ್ಯ ಕಬ್ಬಿಣವನ್ನು ಬೇಗನೆ ತಿಂದುಹಾಕುವುದರಿಂದ ತುಕ್ಕು ಹಿಡಿಯದ ಉಕ್ಕನ್ನೇ ಬಳಸಬೇಕು. ಕಬ್ಬಿಣದ ಗೇಟಿಗಾಗಲಿ ಕಮಾನಿಗಾಗಲಿ ಈ ಒತ್ತಡದ ದೀಪವನ್ನು ಕಟ್ಟಲೇಬಾರದು. ನಮ್ಮ ಹೊಸ ದೀಪ ಗೇಟಿನ ಪಕ್ಕದ ಕಲ್ಲುಕಂಬದ ಮೇಲಿದೆ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಹತ್ತು ವರ್ಷಗಳಲ್ಲಿ ಒಂದು ದಿನ ನೀರು ಗೆಲ್ಲಬಹುದೆಂದು ಇಟ್ಟುಕೊಂಡೇ ಮುಂದುವರಿಯಬೇಕು. ಆ ದಿನಕ್ಕಾಗಿ ಇರುವುದು ಮೂರನೆಯ ತಂತಿ, ಹಸಿರು ಬಣ್ಣದ ಅರ್ತ್ ತಂತಿ. ದೀಪದ ಲೋಹದ ಮೈಯನ್ನು ಅದು ನೆಲದೊಳಗಿನ ಕೊಳವೆಗೆ ಸೇರಿಸುತ್ತದೆ. ಸೋರಿದ ಪ್ರವಾಹ ಮನುಷ್ಯನ ದೇಹಕ್ಕಿಂತ ಸುಲಭವಾದ ಈ ದಾರಿಯನ್ನು ಹಿಡಿಯುತ್ತದೆ. ನಮ್ಮ ಹಳೆಯ ಎರಡೆಳೆಯ ತಂತಿಯಲ್ಲಿ ಇದು ಇರಲೇ ಇಲ್ಲ.

ಆದರೆ ಅರ್ತ್ ಒಂದೇ ಸಾಕೆ? ಲೆಕ್ಕ ನೋಡೋಣ. ಬೇಸಗೆಯಲ್ಲಿ ಒಣಗಿದ ಕೆಂಪುಮಣ್ಣಿನಲ್ಲಿ ಹೂತ ಕೊಳವೆಯ ರೋಧ 30 ಓಮ್ ಇರಬಹುದು. 230ನ್ನು 30ರಿಂದ ಭಾಗಿಸಿದರೆ ಸುಮಾರು 7.7 ಆಂಪಿಯರ್. 6 ಆಂಪಿಯರಿನ ಎಂ.ಸಿ.ಬಿ. ಇಷ್ಟು ಪ್ರವಾಹವನ್ನು ಬಹಳ ಹೊತ್ತು ಸಹಿಸಿಕೊಂಡು ಹಾರದೆಯೇ ಇರಬಹುದು. ಅಷ್ಟು ಹೊತ್ತೂ ಆ 30 ಓಮ್‌ಗಳ ಮೇಲೆ ಬೀಳುವ ಒತ್ತಡ ಹೆಚ್ಚುಕಡಮೆ 230 ವೋಲ್ಟ್. ದೀಪದ ಮೈಯಲ್ಲಿಯೂ ಅಷ್ಟೆ. ಅರ್ತ್ ಇದೆಯೆಂಬ ಧೈರ್ಯದಿಂದ ಅದನ್ನು ಮುಟ್ಟಿದವನ ಗತಿ ಏನಾಗಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಈ ಕೊರತೆಯನ್ನು ತುಂಬುವುದು ಆರ್.ಸಿ.ಸಿ.ಬಿ. ಎಂಬ ಸಾಧನ. ಅದರ ತತ್ತ್ವ ಅತಿ ಸರಳವಾದುದು. ಫೇಸ್ ತಂತಿಯಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಈ ಎರಡು ತಂತಿಗಳೂ ಬಳೆಯಾಕಾರದ ಕಾಂತೀಯ ತಿರುಳಿನ ನಡುವೆ ಹಾದುಹೋಗುತ್ತವೆ. ಹೋದುದೂ ಬಂದುದೂ ಸಮನಾಗಿರುವವರೆಗೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ವಲ್ಪ ಪ್ರವಾಹ ಮನುಷ್ಯನ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ ಸಮತೋಲ ತಪ್ಪುತ್ತದೆ. ಬಳೆಗೆ ಸುತ್ತಿದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಸ್ವಿಚ್ಚನ್ನು ಹಾರಿಸುತ್ತದೆ. ಮನೆಗಳಿಗೆ ತಕ್ಕುದು 30 ಮಿಲಿಆಂಪಿಯರಿನದು. ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ ಹಾರಬೇಕೆಂದು ನಿಯಮ. ಅದರ ಐದರಷ್ಟಾದರೆ 0.04 ಸೆಕೆಂಡಿನೊಳಗೆ. ಹೃದಯದ ಒಂದು ಬಡಿತಕ್ಕೆ ಹಿಡಿಯುವ ಕಾಲ ಸುಮಾರು 0.8 ಸೆಕೆಂಡು. ಅಮೆರಿಕದ ಮನೆಗಳಲ್ಲಿ ಬಳಸುವ ಈ ಬಗೆಯ ಸಾಧನವನ್ನು 1961ರಲ್ಲಿ ರೂಪಿಸಿದವರು ಮೇಲೆ ಹೇಳಿದ ಡಾಲ್ಜೀಲರೇ. ಇದಕ್ಕೂ ಒಂದು ಮಿತಿಯುಂಟು: ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಅದು ದೀಪವೆಂದೇ ಎಣಿಸುತ್ತದೆ.

ಬಚ್ಚಲುಮನೆಯ ಹಾದಿಯ ಮೊಣಕಾಲೆತ್ತರದ ದೀಪಗಳಿಗೆ 230 ವೋಲ್ಟನ್ನು ಬಿಟ್ಟು, ಮನೆಯೊಳಗೆ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದ ಕಡಮೆ ಒತ್ತಡವನ್ನು ಕೊಡುವುದೆಂದಾಯಿತು. ಒದ್ದೆಗೈಯಿಂದ ಮುಟ್ಟಿದರೂ ಅದರಿಂದ ಅಪಾಯವಿಲ್ಲದಷ್ಟೇ. ಮೊದಲು 12 ವೋಲ್ಟ್ ಎಂದುಕೊಂಡೆವು. 12 ವ್ಯಾಟಿನ ಐದು ದೀಪಗಳಿಗೆ 60 ವ್ಯಾಟ್; ಅಂದರೆ 5 ಆಂಪಿಯರ್. ಮೂವತ್ತು ಮೀಟರ್ ದೂರಕ್ಕೆ ಹೋಗಿಬರುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಸುಮಾರು 0.73 ಓಮ್. ಗುಣಿಸಿದರೆ, 12 ವೋಲ್ಟಿನಲ್ಲಿ ಮೂರೂವರೆಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ! 24 ವೋಲ್ಟಾದರೆ ಪ್ರವಾಹ ಎರಡೂವರೆ ಆಂಪಿಯರಿಗೆ ಇಳಿದು, ನಷ್ಟ ಎರಡು ವೋಲ್ಟಿಗೂ ಕಡಮೆ. ಶಿವನಸಮುದ್ರದಿಂದ ಕೋಲಾರಕ್ಕೆ ವಿದ್ಯುತ್ತನ್ನು ಹೆಚ್ಚಿನ ಒತ್ತಡದಲ್ಲಿಯೇ ಕಳುಹಿಸಬೇಕಾದ ಕಾರಣ ನಮ್ಮ ಹಿತ್ತಿಲಿನಲ್ಲಿಯೂ ಹೀಗೆ ಎದುರಾಯಿತು.

ದೀಪಾವಳಿಗೆ ಮುಂಚೆಯೇ ಕೆಲಸ ಮುಗಿಯಿತು. ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಒಳಗೆ ಬೇಕೆಂದೇ ಸ್ವಲ್ಪ ಸೋರಿಕೆಯನ್ನು ಉಂಟುಮಾಡುತ್ತದೆ, ಸ್ವಿಚ್ಚು ಹಾರಬೇಕು. ಪ್ರತಿ ತಿಂಗಳ ಮೊದಲ ದಿನ ಅದನ್ನು ಒತ್ತಿ ನೋಡುತ್ತೇವೆ. ಚೈತ್ರ ವೈಶಾಖಗಳಲ್ಲಿ ಅರ್ತಿನ ಗುಂಡಿಗೆ ಎರಡು ಕೊಡ ನೀರು ಹುಯ್ಯುತ್ತೇವೆ. ಪತ್ರಿಕೆಯ ಹುಡುಗ ಈಗ ಕಾಲೇಜು ಸೇರಿದ್ದಾನೆ. ಬೆಳಗಿನ ಕೆಲಸವನ್ನು ಬಿಟ್ಟಿಲ್ಲ. ಹೊಸ ಏರ್ಪಾಡನ್ನೆಲ್ಲ ಅವನಿಗೆ ತೋರಿಸಿ, ಬಳೆಯಾಕಾರದ ತಿರುಳಿನ ತತ್ತ್ವವನ್ನೂ ವಿವರಿಸಿದೆವು. ಗಮನವಿಟ್ಟು ಕೇಳಿದನು, ಅರ್ಥವಾಯಿತೆಂದನು. ಮಳೆ ಬಂದ ದಿನಗಳಲ್ಲಿ ಮಾತ್ರ ಅವನು ಇಂದಿಗೂ ನಮ್ಮ ಗೇಟನ್ನು ಕೊಡೆಯ ಮರದ ಹಿಡಿಯಿಂದಲೇ ತಳ್ಳುತ್ತಾನೆ.